ಜ್ವರ ಬಾರದ ಮಗು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕು ಎಂದೇ ಕರೆಯುತ್ತಿದ್ದರು. ಅದು ಅವಳ ತಮ್ಮ ಇಟ್ಟ ಹೆಸರು. ‘ಅಕ್ಕ’ ಎನ್ನಲು ನಾಲಿಗೆ ಹೊರಳದೆ ಅವನು ‘ಅಕ್ಕು’ ಎನ್ನುತ್ತಿದ್ದ. ಅವನು ಹೋಗಿ ಇಪ್ಪತ್ತೆಂಟು ವರ್ಷವಾಗಿತ್ತು, ಹೆಸರು ಮಾತ್ರ ಅವಳಿಗೆ ಅಂಟಿಕೊಂಡು ಉಳಿದಿತ್ತು. ಅವನು ಸತ್ತಾಗ ಅವನಿಗೆ ಮೂರೂವರೆ ವರ್ಷ, ಅವಳಿಗೆ ಆರು.

ಅವಳ ಕೆಲಸ ನೋಡುವವರಿಗೆ ಬೇಸರ ತರಿಸುವಂಥದ್ದು. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಬೇಕು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ತೊಂಬತ್ತಾರು ಗುಳಿಗಳಿಗೆ ಅವನ್ನು ಹಂಚಬೇಕು. ಆಮೇಲೆ ಒಂದೊಂದು ಗುಳಿಗೂ ಬ್ಯಾಕ್ಟೀರಿಯಾದ ಹೊರಕವಚದ ಚೂರು ಬೆರೆಸಿದ ನೀರನ್ನು ಒಂದೊಂದು ಹನಿ ಹಾಕಬೇಕು. ಆ ನೀರಿನಲ್ಲಿ ಜೀವಂತ ರೋಗಾಣು ಇರುವುದಿಲ್ಲ, ಬರೀ ಅದರ ಅಂಗಿಯ ತುಣುಕು. ಆದರೂ ಬಿಳಿ ಕಣ ಅದನ್ನು ಕೂಡಲೇ ಗುರುತು ಹಿಡಿಯುತ್ತದೆ. ಕಣದ ಮೈಮೇಲೆ ಇದಕ್ಕೆಂದೇ ಕಾವಲು ಕೂತ ಪ್ರೋಟೀನು ಒಳಗಿನ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಮತ್ತೊಂದಕ್ಕೆ. ಹೀಗೆ ಕೈಯಿಂದ ಕೈಗೆ ಸಾಗಿದ ಸುದ್ದಿ ಕಣದ ನಡುವಿನ ಕೇಂದ್ರ ತಲುಪಿ, ಅಲ್ಲಿ ಮಲಗಿದ್ದ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ಒಂದೆರಡು ಗಂಟೆಯಲ್ಲಿ ಕಣ ‘ಕಳ್ಳ ಬಂದ, ಕಳ್ಳ ಬಂದ’ ಎಂದು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ರಾಸಾಯನಿಕಗಳನ್ನು ಹೊರಗೆ ಸುರಿಯುತ್ತದೆ. ನಮಗೆ ಜ್ವರ ಬರುವುದು, ಗಾಯ ಕೆಂಪಾಗಿ ಊದಿಕೊಳ್ಳುವುದು ಈ ಕೂಗಿನಿಂದಲೇ. ಕೂಗು ಎಷ್ಟು ಜೋರಾಗಿದೆ ಎಂದು ಯಂತ್ರ ಅಳೆದು ಪರದೆಯ ಮೇಲೆ ಕಂಬ ಕಂಬವಾಗಿ ತೋರಿಸುತ್ತದೆ. ಯಾರ್ಯಾರ ಕಂಬ ಎಷ್ಟೆತ್ತರ ಎಂದು ಬರೆದಿಡುವುದು ಅಕ್ಕುವಿನ ಕೆಲಸ.

ರೋಗಿಗಳ ರಕ್ತಕ್ಕೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತು. ಅದನ್ನು ಅಲ್ಲಿನ ಸಿಬ್ಬಂದಿಯೇ ಸರದಿಯ ಮೇಲೆ ಕೊಡುತ್ತಿದ್ದರು. ಅಕ್ಕು ಮಾತ್ರ ನಾಲ್ಕು ವರ್ಷದಿಂದ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡಿದ್ದೇ ಒಂದು ಜನ್ಮಕ್ಕೆ ಸಾಕು ಎಂಬುದು ಅವಳ ವಾದ. ಆ ವಾರ ಸರದಿಯವನಿಗೆ ನೆಗಡಿ, ಅವನ ನಂತರದವಳು ರಜೆ. ಪ್ರಯೋಗಾಲಯದ ಮುಖ್ಯಸ್ಥೆಯನ್ನು ಹಿಂದಿನಿಂದ ಎಲ್ಲರೂ ಪ್ರೊಫೆಸರಮ್ಮ ಎನ್ನುತ್ತಿದ್ದರು. ಅವರು ಕನ್ನಡಕದ ಮೇಲಿಂದ ನೋಡಿ, “ಇವತ್ತು ನಿನ್ನ ಆಟ ನಡೆಯಲ್ಲ, ತೋಳು ಮಡಚು” ಎಂದರು.

ಮರುದಿನ ಪರದೆಯಲ್ಲಿ ಎಲ್ಲರ ಕಂಬಗಳೂ ಎದ್ದು ನಿಂತಿದ್ದವು. ಅಕ್ಕುವಿನ ಸಾಲು ಗುಡಿಸಿಟ್ಟ ಅಂಗಳದ ಹಾಗೆ ಬೋಳಾಗಿತ್ತು.

“ಹನಿ ಹಾಕೋದು ಮರೆತಿದ್ದೀಯ” ಎಂದರು ಪ್ರೊಫೆಸರಮ್ಮ. “ಇನ್ನೊಂದು ಸಲ ಮಾಡು.”

ಇನ್ನೊಂದು ಸಲವೂ ಹಾಗೇ ಆಯಿತು. ಮೂರನೆಯ ಸಲ ಪ್ರೊಫೆಸರಮ್ಮ ತಾವೇ ಕೈಗವಸು ಹಾಕಿಕೊಂಡು ಕೂತರು. ಈ ಬಾರಿ ಅರ್ಧ ಗುಳಿಗಳಿಗೆ ಬ್ಯಾಕ್ಟೀರಿಯಾದ ಚೂರು, ಉಳಿದರ್ಧಕ್ಕೆ ವೈರಸ್ಸನ್ನು ಹೋಲುವ ಬೇರೊಂದು ವಸ್ತು ಹಾಕಿದರು. ಎರಡನೆಯದಕ್ಕೆ ಅಕ್ಕುವಿನ ಕಣಗಳು ಚೆನ್ನಾಗಿಯೇ ಕೂಗಿದವು. ಮೊದಲನೆಯದಕ್ಕೆ ಪಿಟ್ಟೆನ್ನಲಿಲ್ಲ. ಅಂದರೆ ಕಣಗಳು ಬದುಕಿವೆ, ಬಾಯಿಯೂ ಇದೆ, ಆ ಒಂದು ಸುದ್ದಿ ಮಾತ್ರ ದಾರಿಯಲ್ಲೆಲ್ಲೋ ನಿಂತುಹೋಗುತ್ತಿದೆ.

ಪ್ರೊಫೆಸರಮ್ಮ ಕುರ್ಚಿ ಎಳೆದು ಅವಳ ಎದುರು ಕೂತರು. “ಚಿಕ್ಕವಳಿದ್ದಾಗ ಏನೇನು ಕಾಯಿಲೆ ಆಗಿತ್ತು?”

“ಕುರು. ಮೈತುಂಬ ಕುರು. ಕಿವಿ ಸೋರೋದು. ಒಂದು ಸಲ ಶ್ವಾಸಕೋಶದಲ್ಲಿ ಕೀವು ತುಂಬಿ ತಿಂಗಳುಗಟ್ಟಲೆ ಆಸ್ಪತ್ರೇಲಿದ್ದೆ.”

“ಜ್ವರ?”

“ನಂಗೆ ಜ್ವರ ಬರೋದೇ ಇಲ್ಲ ಮೇಡಂ. ಶಾಲೆಗೆ ಚಕ್ಕರ್ ಹಾಕೋಣ ಅಂದ್ರೂ ದರಿದ್ರದ್ದು ಬರ್ತಿರಲಿಲ್ಲ” ಎಂದು ಅಕ್ಕು ನಕ್ಕಳು.

ಪ್ರೊಫೆಸರಮ್ಮ ನಗಲಿಲ್ಲ. “ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ? ಅಣ್ಣ ತಮ್ಮ, ಅಕ್ಕ ತಂಗಿ?”

ಅಕ್ಕು ಕಾಲೇಜಿನಲ್ಲಿ ಐದು ವರ್ಷ ಇದನ್ನೇ ಓದಿದ್ದಳು, ಇಲ್ಲಿ ನಾಲ್ಕು ವರ್ಷ ಇದನ್ನೇ ಅಳೆದಿದ್ದಳು. ಒಂದು ದಿನವೂ ಈ ಪ್ರಶ್ನೆಯನ್ನು ತನ್ನ ಮನೆಯ ಕಡೆ ತಿರುಗಿಸಿ ನೋಡಿರಲಿಲ್ಲ.

“ತಮ್ಮ ಇದ್ದ” ಎಂದಳು.

ಆ ದಿನ ನಡೆದದ್ದು ಇಷ್ಟು. ಬೆಳಿಗ್ಗೆ ಎದ್ದಾಗ ಮಗು ಮಂಕಾಗಿತ್ತು. ಹಾಲು ಬೇಡ ಎಂದಿತು. ಅಕ್ಕುವಿನ ಅಮ್ಮ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮೇಜಿನವಳು, ಅರ್ಧ ನೂಲೂ ಆಚೀಚೆ ಮಾಡದ ಕೈ. ಅವಳು ಮಗುವಿನ ಹಣೆ ಮುಟ್ಟಿ ನೋಡಿದಳು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಳು. ತೊಂಬತ್ತೇಳೂವರೆ. ಜ್ವರವಿಲ್ಲ ಎಂದು ಮಗುವನ್ನು ಪಕ್ಕದ ಮನೆಯಾಕೆಯ ಬಳಿ ಬಿಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಮಗು ಕತ್ತು ನಿಲ್ಲಿಸಲಾಗದೆ ಜೋಲು ಬಿದ್ದಿತ್ತು. ಆಸ್ಪತ್ರೆಗೆ ಒಯ್ದರು. ಸೋಂಕು ರಕ್ತಕ್ಕೆ ಇಳಿದು ಮಿದುಳಿನ ಪೊರೆಗೂ ಏರಿತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಮುಗಿಯಿತು.

ಅದಕ್ಕಿಂತ ಮುಂಚೆ, ಮಗು ಇನ್ನೂ ಉಸಿರಾಡುತ್ತಿದ್ದಾಗ, ಡಾಕ್ಟರು ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕರೆದು, “ಎಷ್ಟು ದಿನದಿಂದ ಜ್ವರ?” ಎಂದು ಕೇಳಿದ್ದರು. ಅಮ್ಮ, “ಜ್ವರ ಇರಲೇ ಇಲ್ಲ, ಬೆಳಿಗ್ಗೆ ನೋಡಿದ್ದೆ” ಎಂದಳು. ಡಾಕ್ಟರು ತಲೆಯಾಡಿಸಿದರು. “ಬೆಂಕಿ ಇಷ್ಟು ಹತ್ತಿಕೊಂಡಿದೆ, ಬಿಸಿ ಇರಲಿಲ್ಲ ಅಂತೀರಲ್ಲಮ್ಮ. ಇಂಥ ಸೋಂಕಲ್ಲಿ ಜ್ವರ ಬರದೆ ಇರೋಕೆ ಸಾಧ್ಯವೇ ಇಲ್ಲ. ನೀವು ಸರಿಯಾಗಿ ನೋಡಿಲ್ಲ.”

ಆ ಮಾತು ಮನೆಗೆ ಬಂದು ನೆಲೆಸಿತು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಪ್ಪ ಅಮ್ಮನನ್ನು ಒಂದು ವರ್ಷ ಒಂದೇ ಪ್ರಶ್ನೆ ಕೇಳಿದ. ಬೈಯಲಿಲ್ಲ, ಕೈ ಎತ್ತಲಿಲ್ಲ, ಊಟಕ್ಕೆ ಕೂತಾಗ, ಚಪ್ಪಲಿ ಮೆಟ್ಟುವಾಗ, “ನಿಜ ಹೇಳು, ನೋಡಿದ್ಯಾ?” ಎನ್ನುತ್ತಿದ್ದ. ಅಮ್ಮ ಮೊದಮೊದಲು “ನೋಡಿದ್ದೆ” ಎನ್ನುತ್ತಿದ್ದಳು. ಆಮೇಲೆ ಹೇಳುವುದನ್ನೂ ಬಿಟ್ಟಳು. ವರ್ಷ ತುಂಬಿದ ಮೇಲೆ ಅಪ್ಪ ಬಂದರಿನ ಊರಿಗೆ ಕೆಲಸ ಬದಲಿಸಿಕೊಂಡು ಹೋದ. ಮತ್ತೆ ಬರಲಿಲ್ಲ. ಅಕ್ಕುವಿಗೆ ಪರೀಕ್ಷೆಯ ಹೊತ್ತಿಗೆ ಒಂದು ಕಾರ್ಡು ಬರುತ್ತಿತ್ತು, ಅಷ್ಟೇ. ಅಮ್ಮ ಅಂದಿನಿಂದ ಯಾವ ಬಟ್ಟೆಯನ್ನೂ ಮೂರು ಸಲ ಅಳೆಯದೆ ಕತ್ತರಿ ಹಾಕಿದವಳಲ್ಲ. ‘ಇವಳ ಟೇಪು ಸವೆದು ಮೊಳ ಗಿಡ್ಡವಾಗಿದೆ’ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವಳೂ ಅವರೊಡನೆ ನಗುತ್ತಿದ್ದಳು, ನಗುತ್ತಲೇ ನಾಲ್ಕನೆಯ ಸಲ ಅಳೆಯುತ್ತಿದ್ದಳು.

ಅಕ್ಕುವಿನ ರಕ್ತವನ್ನು ಜೀನ್ ಓದುವ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ವಾರದ ಮೇಲೆ ವರದಿ ಬಂತು. ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳಲ್ಲಿ ಒಂದು ಅವಳಲ್ಲಿ ತಯಾರಾಗುವುದೇ ಇಲ್ಲ. ಅದರ ಜೀನಿನ ಎರಡು ಪ್ರತಿಗಳೂ ಕೆಟ್ಟಿವೆ.

“ಒಂದು ಅಪ್ಪನ ಕಡೆಯಿಂದ, ಒಂದು ಅಮ್ಮನ ಕಡೆಯಿಂದ” ಎಂದರು ಪ್ರೊಫೆಸರಮ್ಮ. “ಅವರಿಗೆ ಒಂದೊಂದು ಪ್ರತಿ ಚೆನ್ನಾಗಿರುತ್ತೆ, ಅದಕ್ಕೇ ಅವರಿಗೆ ತೊಂದರೆ ಇಲ್ಲ. ಇಂಥ ಮಕ್ಕಳಿಗೆ ಕೆಲವು ಬ್ಯಾಕ್ಟೀರಿಯಾ ಅಂದ್ರೆ ಕಂಟಕ. ಮೈಗೆ ಬಂದಿದ್ದೇ ಗೊತ್ತಾಗಲ್ಲ. ಜ್ವರ ಬರಲ್ಲ, ಬಂದ್ರೂ ತಡವಾಗಿ, ನಾಮಕಾವಸ್ತೆಗೆ.”

“ನನ್ನ ತಮ್ಮ?”

“ಲೆಕ್ಕಕ್ಕೆ ನೋಡಿದ್ರೆ ನಾಲ್ಕರಲ್ಲಿ ಒಂದು. ಆದ್ರೆ ನೀನು ಹೇಳಿದ್ದನ್ನ ಕೇಳಿದ ಮೇಲೆ ನಂಗೇನೂ ಅನುಮಾನ ಉಳಿದಿಲ್ಲ ಕಣೆ.” ಅವರು ಸ್ವಲ್ಪ ಹೊತ್ತು ವರದಿಯ ಅಂಚು ಸವರಿದರು. “ಆ ಡಾಕ್ಟರದ್ದೂ ತಪ್ಪು ಅನ್ನೋಕಾಗಲ್ಲ. ಆಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರ ರಕ್ತವೂ ಬೇಕು, ತಗೊಂಡು ಬಾ.”

ಅಂದು ಮನೆಗೆ ನಡೆದುಕೊಂಡೇ ಹೋದಳು ಅಕ್ಕು. ದಾರಿಯಲ್ಲಿ ಮೂವತ್ತರ ಆಸುಪಾಸಿನ ಗಂಡಸರು ಎದುರಾದಾಗಲೆಲ್ಲ ಮುಖ ನೋಡುತ್ತಿದ್ದಳು. ತಮ್ಮನಿಗೆ ಈಗ ಮೂವತ್ತೊಂದೂವರೆ ಆಗಿರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಿತ್ತಳೆ ಸುಲಿದು, ಸಿಪ್ಪೆಯನ್ನು ಎಲ್ಲಿ ಎಸೆಯಲಿ ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅವಳಿಗೆ ಅವನನ್ನು ನಿಲ್ಲಿಸಿ ಮಾತಾಡಿಸಬೇಕೆನಿಸಿತು. ಏನೆಂದು ಮಾತಾಡಿಸುವುದು? ಅವನು ಬಸ್ಸು ಹತ್ತಿ ಹೋದ.

ಭಾನುವಾರ ಅಮ್ಮ ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹರವಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಪಕ್ಕದ ಮನೆಯವರ ಮಗಳಿಗೆ ಒಂದು ಕೋಟು. ಅಕ್ಕು ಎದುರು ಕೂತು, ಗುಳಿಗಳು, ಕಂಬಗಳು, ನಿಂತುಹೋದ ಸುದ್ದಿ ಎಲ್ಲವನ್ನೂ ಹೇಳಿದಳು. ಅಮ್ಮ ತಲೆಯೆತ್ತದೆ ಕೇಳಿಸಿಕೊಂಡಳು.

“ಅಂದ್ರೆ?”

“ಅಂದ್ರೆ ಅವನಿಗೆ ಜ್ವರ ಬಂದಿರಲೇ ಇಲ್ಲ ಅಮ್ಮ. ಬರೋಕೆ ಸಾಧ್ಯವೇ ಇರಲಿಲ್ಲ. ನೀನು ನೋಡಿದ್ದು ಸರಿ.”

ಸೀಮೆಸುಣ್ಣ ಮುಂದೆ ಸಾಗುತ್ತಲೇ ಇತ್ತು. ಗೆರೆ ಮಾತ್ರ ಓರೆಯಾಯಿತು.

“ತೊಂಬತ್ತೇಳೂವರೆ ಇತ್ತು” ಎಂದಳು ಅಮ್ಮ.

“ಗೊತ್ತು.”

“ನಿಂಗೆ ಹೇಗೆ ಗೊತ್ತು? ನೀನಿನ್ನೂ ಇಷ್ಟುದ್ದ ಇದ್ದೆ.”

“ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆದ್ರೂ ಕನವರಿಸ್ತೀಯ ಅಮ್ಮ. ಆ ಸಂಖ್ಯೆ ಕೇಳಿ ಕೇಳಿ ನಂಗೆ ಮಗ್ಗಿ ಥರ ಬಾಯಿಪಾಠ ಆಗಿದೆ.”

ಅಮ್ಮ ಸುಣ್ಣ ಕೆಳಗಿಟ್ಟಳು. ಮುಖದಲ್ಲಿ ಸಮಾಧಾನ ಕಾಣಬಹುದೆಂದು ಅಕ್ಕು ಕಾದಿದ್ದಳು. ಕಂಡದ್ದು ಗಾಬರಿ. “ಹಾಗಾದ್ರೆ ನಿಂಗೂ ಅದೇ ಇದೆ ಅಂತಾಯ್ತಲ್ಲ. ನಿಂಗೇನಾದ್ರೂ ಆದ್ರೆ?”

“ದೊಡ್ಡವರಾದ ಮೇಲೆ ಅಷ್ಟು ಭಯ ಇಲ್ಲ. ಮೈ ಬೇರೆ ದಾರಿ ಕಲಿತುಬಿಡುತ್ತೆ. ಲಸಿಕೆ ಕೊಟ್ಟಿದ್ದಾರೆ. ಎಲ್ಲಾದ್ರೂ ಸಣ್ಣ ಕೀವು ಕಂಡ್ರೂ ಜ್ವರಕ್ಕೆ ಕಾಯದೆ ಓಡಿಬಾ ಅಂದಿದ್ದಾರೆ.”

“ದೊಡ್ಡವರು ಅಂದ್ರೆ ಎಷ್ಟು ದೊಡ್ಡವರು?”

“ಹತ್ತು, ಹನ್ನೆರಡು. ಹದಿನಾಲ್ಕು ದಾಟಿದ್ರೆ ಗೆದ್ದ ಹಾಗೆ.”

ಅಮ್ಮ ಬೆರಳು ಮಡಿಸಿ ಎಣಿಸಿದಳು. “ಹತ್ತು ವರ್ಷ. ಇನ್ನು ಹತ್ತು ವರ್ಷ ತಾನೇ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆ ಕಣೆ. ಯಾರಾದ್ರೂ ಒಬ್ಬರು ಹೇಳಿದ್ರೆ ಸಾಕಿತ್ತು.” ಅವಳು ಓರೆಯಾದ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸತೊಡಗಿದಳು. ಅಳಿದ ಮೇಲೂ ಉಜ್ಜುತ್ತಲೇ ಇದ್ದಳು. ಕೊನೆಗೆ, “ನನ್ನ ರಕ್ತ ಎಷ್ಟು ಬೇಕಾದ್ರೂ ತಗೋ. ಆಮೇಲೆ ಅವರ ಹತ್ರ ಹೋಗು. ಅವರಿಗೆ ಹೇಳು” ಎಂದಳು.

ಅಪ್ಪನಿದ್ದ ಊರಿಗೆ ಬಸ್ಸಿನಲ್ಲಿ ಐದು ಗಂಟೆಯ ದಾರಿ. ಎಂಟು ಮಹಡಿಯ ಹಳೆಯ ಕಟ್ಟಡವೊಂದರ ಲಿಫ್ಟುಗಳನ್ನು ನೋಡಿಕೊಂಡು, ಅದರ ನೆತ್ತಿಯ ಮೇಲಿನ ಯಂತ್ರದ ಕೋಣೆಯ ಪಕ್ಕದಲ್ಲೇ ಅವನು ವಾಸವಾಗಿದ್ದ. ಅಕ್ಕು ಹಿಂದೊಮ್ಮೆ ತಾನೇ ಇಲ್ಲಿಗೆ ಬಂದು ಅವನನ್ನು ನೋಡಿ ಆರು ವರ್ಷವಾಗಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಉಗುರಿನ ಸಂದಿಯ ಕಪ್ಪು ಗ್ರೀಸು ಮಾತ್ರ ಹಾಗೆಯೇ ಇತ್ತು.

“ಅಕ್ಕು, ಬಾ. ತಲೆ ಬಗ್ಗಿಸಿ ಬಾ, ಬಾಗಿಲು ಕುಳ್ಳು” ಎಂದ. ಮಡಚುವ ಕುರ್ಚಿಯನ್ನು ಟವೆಲಿನಿಂದ ಎರಡು ಸಲ ಒರೆಸಿ ಹಾಕಿದ. ಗೋಡೆಯ ಆಚೆ ದೊಡ್ಡ ಗಾಲಿ ತಿರುಗಿ ಉಕ್ಕಿನ ಹಗ್ಗ ಜಾರುವ ಸದ್ದು, ನಡುನಡುವೆ ಕರೆಂಟನ್ನು ಒಂದರಿಂದ ಒಂದಕ್ಕೆ ದಾಟಿಸುವ ರಿಲೇ ಸ್ವಿಚ್ಚುಗಳ ಟಕ್ ಟಕ್. ಅವಳು ಹೇಳುತ್ತಾ ಹೋದಂತೆ ಅವನು ಆ ಸದ್ದಿನ ಕಡೆಗೇ ಕಿವಿಯಿಟ್ಟು ಕೂತಿದ್ದ. ಕೇಳುತ್ತಿಲ್ಲವೇನೋ ಎಂದುಕೊಂಡಳು.

“ಗುಂಡಿ ಒತ್ತಿದ್ದಾರೆ” ಎಂದ ಅಪ್ಪ ನಿಧಾನವಾಗಿ. “ಮೊದಲನೇ ರಿಲೇ ಎದ್ದಿದೆ. ಎರಡನೇದು ಎದ್ದಿಲ್ಲ. ಮೋಟರು ಚೆನ್ನಾಗೇ ಇದೆ, ಕರೆಂಟೂ ಇದೆ. ಆದ್ರೆ ಲಿಫ್ಟು ಬರಲ್ಲ.”

“ಹೌದು. ಹಾಗೇ.”

“ಕೆಳಗೆ ನಿಂತವರು ಒತ್ತುತ್ತಾ ಇರ್ತಾರೆ.”

“ಹೌದಪ್ಪ.”

“ಅಂದ್ರೆ ಮಗು ಮೈ ತಣ್ಣಗೇ ಇದ್ದಿರುತ್ತೆ.”

“ಅಮ್ಮ ಹೇಳಿದ್ದು ನಿಜ. ಅದನ್ನ ಹೇಳೋಕೇ ಬಂದೆ.”

ಅಪ್ಪ ಎದ್ದು ಕಿಟಕಿಯ ಬಳಿ ಹೋದ. ಕೆಳಗೆ ಹಡಗುಕಟ್ಟೆಯ ಕ್ರೇನುಗಳು ಕೊಕ್ಕರೆಗಳ ಹಾಗೆ ನಿಂತಿದ್ದವು. ಅವನು ತಿರುಗದೆಯೇ ಮಾತಾಡಿದ. “ನಂಗೆ ಗೊತ್ತಿತ್ತು.”

ಅಕ್ಕುವಿಗೆ ಅರ್ಥವಾಗಲಿಲ್ಲ. “ಏನು ಗೊತ್ತಿತ್ತು?”

“ಅವತ್ತು ಬೆಳಿಗ್ಗೆ ನಿಮ್ಮಮ್ಮ ಬಚ್ಚಲಲ್ಲಿದ್ದಾಗ ನಾನು ಅವನನ್ನ ಎತ್ಕೊಂಡಿದ್ದೆ. ಹೆಗಲ ಮೇಲೆ ಮಲಗಿಸ್ಕೊಂಡು ಸುಮಾರು ಹೊತ್ತು ಓಡಾಡ್ದೆ. ಅವನ ಕೆನ್ನೆ ನನ್ನ ಕತ್ತಿಗೆ ತಾಗಿತ್ತು. ತಣ್ಣಗಿತ್ತು. ಏನೂ ಇಲ್ಲ ಅಂತ ನಾನೂ ಅಂದ್ಕೊಂಡೆ, ಕೆಳಗೆ ಬಿಟ್ಟು ಹೋದೆ.” “ಆಸ್ಪತ್ರೇಲಿ ಡಾಕ್ಟ್ರು ಎಷ್ಟು ದಿನದಿಂದ ಜ್ವರ ಅಂತ ಕೇಳಿದ್ರು. ಇರಲಿಲ್ಲ, ಬೆಳಿಗ್ಗೆ ನೋಡಿದ್ದೆ ಅಂತ ಅವಳು ಅಂದಳು. ನಾನು ಬಾಯಿ ಬಿಡಲಿಲ್ಲ.”

“ಅಪ್ಪ…”

“ನೀವು ಸರಿಯಾಗಿ ನೋಡಿಲ್ಲ ಅಂತ ಅವರು ಅವಳಿಗೆ ಅಂದ್ರು. ಆ ಮಾತು ನಂಗೂ ಸೇರಬೇಕಿತ್ತು.”

“ಮತ್ತೆ ವರ್ಷಪೂರ್ತಿ ಅವಳನ್ನ ಯಾಕೆ ಕೇಳ್ತಿದ್ರಿ? ನೋಡಿದ್ಯಾ, ನೋಡಿದ್ಯಾ ಅಂತ?”

“ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ. ನನ್ನ ಕತ್ತನ್ನೇ ನಾನು ನಂಬದ ಹಾಗಾಗಿತ್ತು. ಅವಳು ಒಂದೇ ಒಂದು ಸಲ ನೋಡಲಿಲ್ಲ ಅಂದುಬಿಟ್ರೆ ತಪ್ಪು ಒಂದು ಕಡೆ ನಿಲ್ಲುತ್ತೆ, ನಾನು ಬಚಾವಾಗ್ತೀನಿ ಅಂತ ಆಸೆ. ಅವಳು ಅನ್ನಲಿಲ್ಲ. ಕೊನೆಗೆ ಅವಳ ಮುಖ ನೋಡೋಕಾಗದೆ ಎದ್ದು ಬಂದೆ.”

ಅಕ್ಕುವಿಗೆ ಅವನ ಮೇಲೆ ಕೂಗಾಡಬೇಕೆನಿಸಿತು. ಎಷ್ಟು ಸಂಜೆ ಅವಳು ಗೇಟಿಗೆ ಗಲ್ಲ ಒತ್ತಿ ನಿಂತು ಇವನ ಸೈಕಲ್ಲಿಗೆ ಕಾದಿದ್ದಳು! ಅವನು ಅಮ್ಮನ ಮೇಲಿನ ಸಿಟ್ಟಿಗೆ ಹೋದ, ಸಿಟ್ಟು ಇಳಿದ ದಿನ ಬರುತ್ತಾನೆ ಎಂದು ನಂಬಿಕೊಂಡೇ ಬೆಳೆದಿದ್ದಳು. ಸಿಟ್ಟೇ ಇರದವನಿಗೆ ಇಳಿಯುವುದಾದರೂ ಏನು? ಅವಳು ಚೀಲ ಬಿಚ್ಚಿ, ಅವನ ತೋಳಿಗೆ ರಬ್ಬರು ಪಟ್ಟಿ ಬಿಗಿದು, ರಕ್ತ ತೆಗೆದಳು. ಕೊಳವೆ ತುಂಬುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಅವಳು ಸೂಜಿ ತೆಗೆದು ಹತ್ತಿ ಒತ್ತಿದಳು.

“ಇದನ್ನ ನಾನು ಅಮ್ಮಂಗೆ ಹೇಳಲ್ಲ” ಎಂದಳು. “ನೀವೇ ಬಂದು ಹೇಳಬೇಕು.”

“ಬಾಗಿಲು ತೆಗೀತಾಳಾ?”

“ಗೊತ್ತಿಲ್ಲ.”

ರಕ್ತದ ವರದಿ ಬಂತು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ, ಒಂದೊಂದು ಒಳ್ಳೆಯದು. ಅಕ್ಕು ಅದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಳು. ಅವನು “ಸರಿಪಾಲು” ಎಂದಷ್ಟೇ ಅಂದ. ಎರಡು ವಾರ ಸುದ್ದಿಯಿಲ್ಲ. ಮೂರನೆಯ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅಮ್ಮನೇ ತೆಗೆದಳು.

ಇಸ್ತ್ರಿ ಮಾಡಿದ ಅಂಗಿ ಹಾಕಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಪ್ಪ ನಿಂತಿದ್ದ. ಎಲ್ಲಿ ಬಿಡಬೇಕೆಂದು ಅವನಿಗೆ ತೋಚಿರಲಿಲ್ಲ.

“ಅಲ್ಲೇ ಬಿಡಿ, ಯಾರೂ ಕದಿಯಲ್ಲ” ಎಂದಳು ಅಮ್ಮ.

ಅವನು ನೀರೂ ಮುಟ್ಟಲಿಲ್ಲ. ಕೂತ ಕೂಡಲೇ, ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ, ಹೆಗಲು, ಕೆನ್ನೆ, ಕತ್ತು, ಆಸ್ಪತ್ರೆಯ ಬಾಗಿಲು ಎಲ್ಲವನ್ನೂ ಹೇಳಿ ಮುಗಿಸಿದ. ಅಕ್ಕು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮೊದಲು ಅದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅಮ್ಮ ಮೇಜಿನ ಅಂಚು ಹಿಡಿದು ಎದ್ದಳು.

“ನಂಗೆ ಥರ್ಮಾಮೀಟರ್ ಓದೋಕೆ ಬರಲ್ವೇನೋ ಅಂತ ಅಂದ್ಕೊಂಡೆ” ಎಂದಳು. ದನಿ ಏರಲಿಲ್ಲ. “ಅಂಗಡಿಗೆ ಹೋಗಿ ಹೊಸದು ತಂದೆ. ಬಿಸಿನೀರಲ್ಲಿಟ್ಟು ಓದಿದೆ, ತಣ್ಣೀರಲ್ಲಿಟ್ಟು ಓದಿದೆ. ಪಕ್ಕದವರಿಗೆ ತೋರಿಸಿ ಸರಿಯಾಗಿ ಓದಿದ್ನಾ ಅಂತ ಕೇಳಿದೆ. ಹುಚ್ಚಿ ಅಂದ್ಕೊಂಡಿರ್ತಾರೆ. ಇಪ್ಪತ್ತೆಂಟು ವರ್ಷ ರೀ. ಒಂದು ಮಾತು. ‘ನಾನೂ ನೋಡಿದೆ’ ಅಂತ ಒಂದೇ ಒಂದು ಮಾತು.”

“ತಪ್ಪಾಯ್ತು.”

“ಆಯ್ತು. ಹೇಳಿದ್ರಲ್ಲ, ಹೊರಡಿ ಇನ್ನು.”

ಅಪ್ಪ ಎದ್ದ. ಬಾಗಿಲವರೆಗೆ ಹೋಗಿ ಬಗ್ಗಿ ಚಪ್ಪಲಿ ಎಳೆದುಕೊಂಡ. ಬಲಗಾಲಿನದು ಕಾಲಿಗೆ ಸಿಗದೆ ತಡಕಾಡುತ್ತಿದ್ದ. ಅಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು.

“ನಿಲ್ಲಿ” ಎಂದಳು. “ಒಂದು ದಿನ ಅವನನ್ನ ನಿಮ್ಮ ಕೆಲಸಕ್ಕೆ ಕರ್ಕೊಂಡು ಹೋಗಿದ್ರಿ. ಇವಳಿಗೆ ಶಾಲೆ, ನಂಗೆ ಕಾರ್ಖಾನೇಲಿ ತಪಾಸಣೆ ಇತ್ತು. ನಾನು ಬರೋ ಹೊತ್ತಿಗೆ ಅವನು ಮಲಗಿಬಿಟ್ಟಿದ್ದ. ಆ ದಿನ ಅವನೇನು ಮಾಡ್ದ ಅಂತ ನಾನು ಕೇಳಲೇ ಇಲ್ಲ. ನಾಳೆ ಕೇಳಿದ್ರಾಯ್ತು ಅಂತ ಬಿಟ್ಟೆ. ಆಮೇಲೆ ನಿಮ್ಮನ್ನ ಏನು ಕೇಳೋಕೂ ಬಾಯಿ ಬರಲಿಲ್ಲ.”

ಅಪ್ಪ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಹಿಂದಿರುಗಿ ಕೂತ.

ಆರು ಮಹಡಿಯ ಕಟ್ಟಡ, ಎರಡು ಲಿಫ್ಟು ಎಂದ. ಮಗು ಗುಂಡಿ ಒತ್ತುವುದಕ್ಕೆ ಹಟ ಹಿಡಿಯಿತಂತೆ. ಕೈಗೆಟುಕದೆ ಉಪಕರಣದ ಪೆಟ್ಟಿಗೆಯ ಮೇಲೆ ನಿಲ್ಲಿಸಿದನಂತೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಒಳಗಿದ್ದವರಿಗೆ “ಬಂತು! ಇಳೀರಿ!” ಎಂದು ಅಪ್ಪಣೆ ಕೊಡುತ್ತಿತ್ತಂತೆ. ಕೋಟು ಹಾಕಿದ ದೊಡ್ಡ ಮನುಷ್ಯನೊಬ್ಬ ತನ್ನ ಮಹಡಿಯಲ್ಲದಿದ್ದರೂ ಹೆದರಿ ಇಳಿದುಬಿಟ್ಟನಂತೆ. ಅಮ್ಮನಿಂದ ನಗೆ ಸಿಡಿಯಿತು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಮತ್ತೆ?”

“ಮತ್ತೆ ತಾರಸಿಗೆ ಕರ್ಕೊಂಡು ಹೋದೆ. ಯಂತ್ರ ನೋಡೋಕೆ. ಅಲ್ಲಿಂದ ಊರೆಲ್ಲ ಕಾಣುತ್ತಲ್ಲ, ಅಮ್ಮ ಎಲ್ಲಿ ಅಂದ. ನಿನ್ನ ಕಾರ್ಖಾನೆ ಅಲ್ಲಿಂದ ಕಾಣಲ್ಲ. ಸುಮ್ನೆ ಯಾವುದೋ ಕೆಂಪು ಹೆಂಚಿನ ಚಾವಣಿ ತೋರಿಸಿ, ಅದೋ ಅಲ್ಲಿದ್ದಾಳೆ ಅಂದೆ. ಕೈ ಬೀಸೋಕೆ ಶುರು ಮಾಡ್ದ. ನಾನು ಗ್ರೀಸು ಹಾಕಿ, ಬೋಲ್ಟು ಬಿಗಿದು ಮುಗಿಸೋವರೆಗೂ ಬೀಸ್ತಾನೇ ಇದ್ದ. ಕೈ ನೋಯುತ್ತೆ ಬಿಡೋ ಅಂದ್ರೆ, ಇನ್ನೊಂದು ಕೈಯಲ್ಲಿ ಬೀಸ್ದ.”

“ಗಂಟೆ ಎಷ್ಟಾಗಿತ್ತು?”

“ಹನ್ನೊಂದೂವರೆ ಇರಬಹುದು. ಬಿಸಿಲು ಏರ್ತಿತ್ತು.”

“ಹನ್ನೊಂದೂವರೆಗೆ ನಮಗೆ ಚಹಾಕ್ಕೆ ಬಿಡ್ತಿದ್ರು” ಎಂದಳು ಅಮ್ಮ. “ನಾನು ಹೊರಗೆ ಬಂದು ಮೆಟ್ಟಲ ಮೇಲೆ ನಿಂತಿರ್ತಿದ್ದೆ. ಯಾವ ಕಡೆ ಮುಖ ಮಾಡಿ ಬೀಸ್ದ?”

ಅಪ್ಪ ಕಣ್ಣು ಮುಚ್ಚಿ, ಆ ತಾರಸಿಯ ಮೇಲೆ ಮತ್ತೆ ನಿಂತವನಂತೆ ದಿಕ್ಕು ನೋಡಿಕೊಂಡ. “ಪಶ್ಚಿಮಕ್ಕೆ.”

ಕಾರ್ಖಾನೆ ಇದ್ದದ್ದು ಪೂರ್ವದಲ್ಲಿ. ಮೂವರಿಗೂ ಅದು ಗೊತ್ತಿತ್ತು. ಅಮ್ಮ ಅಳುತ್ತಿದ್ದಳು, ಅಪ್ಪನೂ ಅಳುತ್ತಿದ್ದ. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಯಾರೂ ಏಳಲಿಲ್ಲ. ಅಕ್ಕುವಿಗೆ ಅವರಿಬ್ಬರ ನಡುವೆ ಹೋಗಿ ಕೂರಬೇಕೆನಿಸಿತು, ಆರು ವರ್ಷದವಳಾಗಿ. ಅವಳು ಚಹಾಕ್ಕೆ ನೀರಿಟ್ಟಳು.

ಅವನು ಸಂಜೆಯ ಬಸ್ಸಿಗೆ ಹೋದ. ಅಮ್ಮ ಇರು ಎನ್ನಲಿಲ್ಲ, ಮತ್ತೆ ಬಾ ಎಂದೂ ಹೇಳಲಿಲ್ಲ. ಕ್ಷಮಿಸಿದ್ದೀಯಾ ಎಂದು ಅಕ್ಕು ಒಮ್ಮೆ ಕೇಳಿದ್ದಕ್ಕೆ, “ಅದೆಲ್ಲ ಬಾಯಲ್ಲಿ ಹೇಳಿದ್ರೆ ಆಗೋ ಕೆಲಸ ಅಲ್ಲ, ಸುಮ್ನಿರು” ಎಂದಳು.

ಆದರೆ ಹತ್ತು ದಿನದ ಮೇಲೆ ಅಮ್ಮನ ಹೆಸರಿಗೆ ಒಂದು ಕಾರ್ಡು ಬಂತು. ಮಗುವಿನ ಬಗ್ಗೆ ನೆನಪಾದ ಒಂದು ಸಂಗತಿ, ನಾಲ್ಕೇ ಸಾಲು. ಕೆಳಗೆ ಸಹಿಯೂ ಇರಲಿಲ್ಲ. ಆಮೇಲೆ ವಾರಕ್ಕೊಂದರಂತೆ ಬರತೊಡಗಿದವು. ಸೈಕಲ್ಲಿನ ಗಂಟೆಗೆ ಅವನು ಮುತ್ತು ಕೊಡುತ್ತಿದ್ದದ್ದು. ಇರುವೆ ಸಾಲಿಗೆ ಅಡ್ಡ ಕೂತು, ನನ್ನನ್ನು ಕೇಳಿಯೇ ದಾಟಿ ಎಂದು ಇರುವೆಗಳಿಗೆ ಹಟ ಮಾಡಿದ್ದು. ಅಮ್ಮ ಅವನ್ನು ಬಾಗಿಲಲ್ಲಿ ನಿಂತೇ ಓದುತ್ತಿದ್ದಳು. ಅಂಚೆಯ ಹೊತ್ತಾದರೆ ಕೈಲಿದ್ದ ಕತ್ತರಿ ಅಲ್ಲೇ ನಿಲ್ಲುತ್ತಿತ್ತು.

ಏಳನೆಯ ಕಾರ್ಡಿನಲ್ಲಿ ಹೀಗಿತ್ತು: ‘ಇನ್ನು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಇಷ್ಟೇ. ಕೆಲವನ್ನು ಕಟ್ಟಿ ಬರೆಯೋಣ ಎಂದುಕೊಂಡೆ, ಬರೆಯಲಿಲ್ಲ.’

ಅಮ್ಮ ಅದನ್ನು ಮೂರು ದಿನ ಮೇಜಿನ ಮೇಲೆ ಬಿಟ್ಟಿದ್ದಳು. ನಾಲ್ಕನೆಯ ದಿನ ಅಕ್ಕು ಕೆಲಸಕ್ಕೆ ಹೊರಟಾಗ ಅವಳ ಕೈಗೆ ಒಂದು ಕಾರ್ಡು ಕೊಟ್ಟು, “ದಾರೀಲಿ ಡಬ್ಬಿಗೆ ಹಾಕು. ಓದಬೇಡ” ಎಂದಳು. ಅಕ್ಕು ಬೀದಿಯ ತಿರುವಿನವರೆಗೆ ತಡೆದಳು. ಅಮ್ಮನ ಅಕ್ಷರ ಹೊಲಿಗೆಯ ಹಾಗೆ ಬಿಗಿಯಾಗಿತ್ತು.

‘ಸ್ನಾನಕ್ಕೆ ನೀರು ಹುಯ್ಯುವಾಗ ಎಲ್ಲ ಮಕ್ಕಳೂ ಕಣ್ಣು ಮುಚ್ಚಿಕೊಳ್ಳುತ್ತವೆ. ಅವನು ಕಿವಿ ಮುಚ್ಚಿಕೊಂಡು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನೀವು ಕೆಲಸಕ್ಕೆ ಹೋದ ಮೇಲೆ ಸ್ನಾನ ಆಗುತ್ತಿತ್ತು, ನಿಮಗೆ ಗೊತ್ತಿರಲಾರದು. ನನ್ನ ಹತ್ತಿರ ಇಂಥವು ಇನ್ನೂ ಇವೆ.’